ಕೆರೆಯ ನೀರಿಗೆ ಪಾಲುಂಟೆ?

ಆಶ್ವಯುಜ ಬಹುಳ ತ್ರಯೋದಶಿಯ ಸಾಯಂಕಾಲ ನಮ್ಮ ಮನೆಗಳಲ್ಲಿ ನೀರು ತುಂಬುವ ಹಬ್ಬ ನಡೆಯುತ್ತದೆ. ಹಂಡೆಯನ್ನು ಬೆಳಗಿ ಅಲಂಕರಿಸಿ, ಬಾವಿಯಿಂದಲೋ ಕೆರೆಯಿಂದಲೋ ನೀರನ್ನು ತಂದು ತುಂಬಿ, ಅದರಲ್ಲಿ ಗಂಗಾದಿ ತೀರ್ಥಗಳ ಸನ್ನಿಧಾನವನ್ನೂ ಆ ತೀರ್ಥಗಳ ಅಂತರ್ಯಾಮಿಯಾದ ಶ್ರೀಹರಿಯನ್ನೂ ಚಿಂತಿಸುತ್ತೇವೆ. ಮರುದಿನ ಚತುರ್ದಶಿಯ ಅರುಣೋದಯದಲ್ಲಿ ಅದೇ ನೀರಿನಿಂದ ಅಭ್ಯಂಗ. ಈ ಹಬ್ಬದ ವಿಧಿಯನ್ನು ಆಸ್ತಿಕ ಮಹನೀಯರಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಆದರೆ ತುಂಬಿದ ಆ ನೀರು ಯಾವ ಕೆರೆಯದೋ ಆ ಕೆರೆಯ ವಿಷಯವಾಗಿಯೇ ಅಣ್ಣತಮ್ಮಂದಿರೊಳಗೆ ದಾವೆ ನಡೆಯುತ್ತಿದ್ದು, ಒಬ್ಬರು ಮೆಟ್ಟಿಲಿಳಿಯುವಾಗ ಇನ್ನೊಬ್ಬರು ಮುಖ ತಿರುಗಿಸಿಕೊಂಡು ಮೇಲೇರುವ ಸ್ಥಿತಿಯಿದ್ದರೆ, ಗಂಗೆಯನ್ನು ಆವಾಹಿಸುವ ನಮಗೆ ಆ ನೀರಿನ ಕುರಿತು ಬೇರೊಂದು ಕರ್ತವ್ಯವೂ ಇಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಇಲ್ಲಿ ಯಥಾಮತಿ ವಿಚಾರಿಸಹೊರಟಿದ್ದೇವೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ೪೦೦೦ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಇಷ್ಟು ಮಳೆಯ ನಾಡಿನಲ್ಲಿ ನೀರಿಗೆ ಜಗಳವೇ ಎಂದು ಬಯಲುಸೀಮೆಯ ಬಂಧುಗಳು ಬೆರಗಾಗುವುದುಂಟು. ಆದರೆ ಅದರ ಬಹುಪಾಲು ಜ್ಯೇಷ್ಠದಿಂದ ಭಾದ್ರಪದದೊಳಗೆ ಸುರಿದು, ತೋಡು ಹೊಳೆಗಳ ಮೂಲಕ ಸಮುದ್ರವನ್ನು ಸೇರಿಬಿಡುತ್ತದೆ. ಮಾಘ ಕಳೆದ ಮೇಲೆ ಅಡಕೆಯ ತೋಟಕ್ಕೆ ಕೆರೆಯೇ ಗತಿ. ಫಾಲ್ಗುಣದಿಂದ ವೈಶಾಖದವರೆಗೆ ಕೆರೆಯ ಒಂದೊಂದು ಮೆಟ್ಟಿಲು ಕಾಣತೊಡಗಿದಂತೆ ದಾಯಾದಿಗಳೊಳಗಿನ ಮಾತು ಕಡಿಮೆಯಾಗುತ್ತ ಬರುತ್ತದೆ. ಪೌರೋಹಿತ್ಯಕ್ಕಾಗಿ ನಾಲ್ಕಾರು ಗ್ರಾಮಗಳ ಮನೆಗಳಿಗೆ ಹೋಗಿಬರುವ ನಮಗೆ ಇದು ಪ್ರತಿವರ್ಷದ ಅನುಭವ. ವಿಭಕ್ತರಾದವರು ಶ್ರಾದ್ಧವನ್ನು ಬೇರೆ ಬೇರೆಯಾಗಿ ಮಾಡುವುದು ಶಾಸ್ತ್ರಸಮ್ಮತವೇ ಹೌದು. ಆದರೆ ಒಬ್ಬನೇ ತಂದೆಯ ತಿಲೋದಕಕ್ಕೆ ನೀರು ತರಲು ಅಣ್ಣನು ಬಂದುಹೋಗುವವರೆಗೆ ಮರೆಯಲ್ಲಿ ಕಾದು, ಅನಂತರ ತಮ್ಮನು ಕೊಡ ಹಿಡಿದು ಬರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಅದನ್ನೂ ಕಂಡಿದ್ದೇವೆ.

ಈ ಕಲಹದ ಬೀಜವು ಸಾಮಾನ್ಯವಾಗಿ ಪಾಲುಪಟ್ಟಿಯಲ್ಲಿಯೇ ಅಡಗಿರುತ್ತದೆ. ಅಂತಹ ಪತ್ರಗಳನ್ನು ಓದಿದವರಿಗೆ ಗೊತ್ತು, ಅವುಗಳಲ್ಲಿ ಭೂಮಿಯ ವಿವರವು ಎಷ್ಟು ಸೂಕ್ಷ್ಮವಾಗಿರುತ್ತದೆ ಎಂಬುದು. ಸರ್ವೆ ನಂಬರು, ಹಿಸ್ಸೆ, ಸೆಂಟ್ಸುಗಳ ಲೆಕ್ಕ, ಮೂಡು ತೆಂಕು ಪಡು ಬಡಗುಗಳ ಗಡಿ, ಅಂಗಳದ ಹಲಸಿನ ಮರ ಯಾರಿಗೆ, ಹಟ್ಟಿಯ ಹಿಂದಿನ ಮಾವು ಯಾರಿಗೆ ಎಂಬವರೆಗೆ ಎಲ್ಲವೂ ಇರುತ್ತದೆ. ಕೆರೆಯ ಪ್ರಸ್ತಾಪ ಬಂದಾಗ ಮಾತ್ರ ಒಂದೇ ವಾಕ್ಯ: ಕೆರೆಯೂ ಅದಕ್ಕೆ ಹೋಗುವ ದಾರಿಯೂ ಎಲ್ಲ ಪಾಲುದಾರರ ಜಂಟಿ ಅನುಭೋಗಕ್ಕೆ ಸೇರಿದುದು. ಹೂಳೆತ್ತುವವರು ಯಾರು? ಮಳೆಗಾಲದಲ್ಲಿ ಕಲ್ಲಿನ ಕಟ್ಟೆ ಕುಸಿದರೆ ಖರ್ಚು ಯಾರದು? ಯಾರು ಯಾವ ದಿನ, ಎಷ್ಟು ಹೊತ್ತು ನೀರೆತ್ತಬೇಕು? ಒಬ್ಬನು ತನ್ನ ಪಾಲನ್ನು ಹೊರಗಿನವರಿಗೆ ಮಾರಿದರೆ ಅವನ ಸರದಿಯು ಯಾರಿಗೆ? ಒಂದಕ್ಕೂ ಉತ್ತರವಿಲ್ಲ. ಯಜಮಾನರು ಜೀವಂತರಾಗಿದ್ದಾಗ ಅವರ ಒಂದು ಮಾತಿನಿಂದ ಇವೆಲ್ಲ ನಡೆಯುತ್ತಿದ್ದುದರಿಂದ ಯಾರಿಗೂ ಬರೆಯಬೇಕೆಂದು ತೋರಲಿಲ್ಲ. ಅವರು ಹೋದ ಮೇಲೆ ಉಳಿದುದು ಆ ಒಂದು ವಾಕ್ಯ. ಅದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ.

ನೆಲವನ್ನು ಹಂಚಬಹುದು, ನೀರನ್ನು ಹಂಚುವುದು ಹೇಗೆ ಎಂಬ ತೊಡಕು ನಮ್ಮ ಕಾಲದಲ್ಲಿ ಹುಟ್ಟಿದುದಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ವಿಭಾಗಕ್ಕೆ ಅರ್ಹವಲ್ಲದ ವಸ್ತುಗಳನ್ನು ಎಣಿಸುವಾಗ ಉದಕವನ್ನೂ ಅಲ್ಲಿ ಸೇರಿಸಿದೆ. ಅದಕ್ಕೆ ಅರ್ಥ ಹೇಳುತ್ತ ವಿಜ್ಞಾನೇಶ್ವರರು ತಮ್ಮ ಮಿತಾಕ್ಷರೆಯಲ್ಲಿ, ಉದಕವೆಂದರೆ ಬಾವಿ ಮುಂತಾದ ಜಲಾಶಯ, ಅದು ಪಾಲುಗಾರರ ಸಂಖ್ಯೆಗೆ ಹೊಂದದಿದ್ದರೆ ಬೆಲೆಕಟ್ಟಿ ಹಂಚಿಕೊಳ್ಳಬಾರದು, ಸರದಿಯಿಂದ ಉಪಯೋಗಿಸಬೇಕು ಎಂದು ನಿರ್ಣಯಿಸಿದ್ದಾರೆ. ಭಾರತದ ಬಹುಭಾಗದಲ್ಲಿ ಹಿಂದೂಗಳ ದಾಯಭಾಗವನ್ನು ಶತಮಾನಗಳ ಕಾಲ ಆಳಿದ ಆ ಗ್ರಂಥವು ನಮ್ಮ ಕನ್ನಡನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ರಚಿತವಾದುದೆಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ಬೃಹಸ್ಪತಿಯ ಮತ ಬೇರೆ. ಇಂತಹ ವಸ್ತುಗಳು ಅವಿಭಾಜ್ಯವೆಂದವರು ಸರಿಯಾಗಿ ವಿಚಾರಿಸಲಿಲ್ಲವೆಂದು ಅವನು ಆಕ್ಷೇಪಿಸಿ, ಬಾವಿ ಕೊಳಗಳ ನೀರನ್ನು ಮೇಲೆತ್ತಿ ಆಯಾ ಪಾಲಿಗೆ ಅನುಸಾರವಾಗಿ ತೆಗೆದುಕೊಳ್ಳಬೇಕೆನ್ನುತ್ತಾನೆ. ಮೇಲುನೋಟಕ್ಕೆ ಇವು ವಿರುದ್ಧಪಕ್ಷಗಳು. ಆದರೆ ಕೆರೆಯನ್ನು ಕೊಯ್ದು ತುಂಡುಮಾಡಬಹುದೆಂದು ಇಬ್ಬರೂ ಹೇಳಲಿಲ್ಲ. ಎತ್ತಿದ ನೀರಿಗೆ ಪಾಲುಂಟು, ಎತ್ತುವ ಹೊತ್ತಿಗೆ ಪಾಲುಂಟು, ಕೆರೆಗೆ ಪಾಲಿಲ್ಲ. ಆದುದರಿಂದ ‘ಕೆರೆಯಲ್ಲಿ ನನಗೆ ಮೂರರಲ್ಲೊಂದು’ ಎಂದು ಗದ್ದಲ ಮಾಡುವವನು ತನ್ನದಲ್ಲದ ಭಾಷೆಯನ್ನು ಆಡುತ್ತಿದ್ದಾನೆ. ಅವನದಾಗಿ ಇರುವುದು ಒಂದು ಸರದಿ. ಸರದಿಯೆಂದ ಮೇಲೆ ತನ್ನದು ಮುಗಿದೊಡನೆ ಬಿಟ್ಟುಕೊಡುವುದೂ ಆ ಶಬ್ದದ ಅರ್ಥದಲ್ಲಿಯೇ ಸೇರಿದೆ.

ನೀರಿನಲ್ಲಿ ಪಾಲು ಕೇಳುವವರೆಲ್ಲರೂ ಕೆಸರಿನಲ್ಲಿ ಪಾಲು ಕೇಳುವುದಿಲ್ಲ. ಇದು ಹಾಸ್ಯದ ಮಾತಲ್ಲ. ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿ ಸ್ನಾನದ ಪ್ರಸಂಗದಲ್ಲಿ ಒಂದು ನಿಯಮವಿದೆ: ಪರರ ನೀರಿನಲ್ಲಿ ಸ್ನಾನಮಾಡಬೇಕಾದಾಗ ಮೊದಲು ಐದು ಮುದ್ದೆ ಮಣ್ಣನ್ನು ಕೆರೆಯಿಂದ ಎತ್ತಿ ಹೊರಹಾಕಬೇಕು, ಹಾಗೆ ಮಾಡದೆ ಮುಳುಗಬಾರದು. ಪರಕೀಯವಾದ ಜಲಾಶಯದಲ್ಲಿ ಸುಮ್ಮನೆ ಸ್ನಾನಮಾಡಿದವನಿಗೆ ಅದನ್ನು ತೋಡಿಸಿದವನ ಪಾಪದ ಅಂಶವು ಅಂಟುವುದೆಂದು ಮನುವೂ ಎಚ್ಚರಿಸುತ್ತಾನೆ. ಪಾಠಶಾಲೆಯಲ್ಲಿ ಓದಿದವರಲ್ಲದೆ ಇಂದು ಈ ನಿಯಮವನ್ನು ಬಲ್ಲವರು ವಿರಳ. ಆಚರಿಸುವವರಂತೂ ಇನ್ನೂ ವಿರಳ. ಇದರ ಅಭಿಪ್ರಾಯವನ್ನು ಗಮನಿಸಬೇಕು. ಒಂದು ಸಲ ಮುಳುಗಿ ಏಳುವ ದಾರಿಹೋಕನೂ ಕೆರೆಗೆ ಐದು ಮುದ್ದೆ ಹೂಳಿನಷ್ಟು ಋಣಿ. ಹಾಗಾದರೆ ಎರಡು ಎಕರೆ ತೋಟಕ್ಕೆ ಐದು ತಿಂಗಳು ನೀರು ಹಾಯಿಸಿಕೊಂಡ ಪಾಲುಗಾರನ ಋಣವೆಷ್ಟು? ‘ಅದು ಪರರದಲ್ಲ, ನಮ್ಮದೇ ಕೆರೆ’ ಎಂದು ಅವನು ಹೇಳಬಹುದು. ತನ್ನದೆನ್ನುವ ಕೆರೆಗೆ ದಾರಿಹೋಕನಷ್ಟೂ ಮಾಡದವನು ಅದನ್ನು ತನ್ನದೆಂದು ಯಾವ ಬಾಯಿಂದ ಹೇಳುವನು?

ಶ್ರೀಮದಾಚಾರ್ಯರ ಜೀವನದ ಒಂದು ಪ್ರಸಂಗವನ್ನು ನಾರಾಯಣಪಂಡಿತಾಚಾರ್ಯರು ಸುಮಧ್ವವಿಜಯದ ಹತ್ತನೆಯ ಸರ್ಗದಲ್ಲಿ ನಿರೂಪಿಸಿದ್ದಾರೆ. ಉತ್ತರದೇಶದ ಯಾತ್ರೆಯಲ್ಲಿ ಈಶ್ವರದೇವನೆಂಬ ದೊರೆಯು ದಾರಿಯಲ್ಲಿ ಹೋಗುವವರನ್ನೆಲ್ಲ ಹಿಡಿದು ಕೆರೆ ತೋಡಿಸುತ್ತಿದ್ದನು, ಆಚಾರ್ಯರನ್ನೂ ತೋಡೆಂದನು. ತೋಡುವ ಬಗೆ ನಮಗೆ ತಿಳಿಯದು, ನೀನೇ ತೋರಿಸು ಎಂದು ಆಚಾರ್ಯರು ನುಡಿಯಲು, ಗುದ್ದಲಿ ಹಿಡಿದ ದೊರೆಯು ಅದನ್ನು ನಿಲ್ಲಿಸಲಾರದೆ ತೋಡುತ್ತಲೇ ಉಳಿದನು. ಕೆರೆಯ ಪುಣ್ಯ ತನಗೆ, ದುಡಿಮೆ ಇತರರಿಗೆ ಎನ್ನುವ ಈಶ್ವರದೇವರು ಪ್ರತಿಯೊಂದು ಕುಟುಂಬದಲ್ಲಿಯೂ ಒಬ್ಬರಾದರೂ ಇರುತ್ತಾರೆ.

ಇಲ್ಲಿ ಒಂದು ತತ್ತ್ವವಿಚಾರ ಬರುತ್ತದೆ. ದಾಯಾದಿಗಳನ್ನು ಸಮಾಧಾನಪಡಿಸಹೋದ ಕೆಲವರು ‘ನನ್ನದು ನಿನ್ನದು ಎಂಬುದೆಲ್ಲ ಭ್ರಾಂತಿ, ಎಲ್ಲವೂ ಒಂದೇ’ ಎಂದು ಉಪದೇಶಿಸುವುದುಂಟು. ನಮ್ಮ ಸಿದ್ಧಾಂತದಲ್ಲಿ ಈ ಮಾತಿಗೆ ಅವಕಾಶವಿಲ್ಲ. ಜೀವಜೀವರ ಭೇದ ಸತ್ಯ, ಜಡಜಡಗಳ ಭೇದ ಸತ್ಯ. ತಮ್ಮನ ಹಸಿವು ಅಣ್ಣನ ಹಸಿವಲ್ಲ. ತಮ್ಮನ ಸರದಿಯು ಅಣ್ಣನ ಸರದಿಯಲ್ಲ. ಎಲ್ಲವೂ ಒಂದೇ ಎಂಬ ವೇದಾಂತವನ್ನು ನೀರಿನ ವಿಷಯದಲ್ಲಿ ಮೊದಲು ಆಡುವವನು ಸಾಮಾನ್ಯವಾಗಿ ಹೆಚ್ಚು ಎತ್ತಿಕೊಂಡವನೇ ಆಗಿರುತ್ತಾನೆಂಬುದನ್ನು ಗಮನಿಸಿದ್ದೇವೆ. ಪಾಲು ಮಿಥ್ಯೆಯಲ್ಲ. ಆದರೆ ತತ್ತ್ವಸಂಖ್ಯಾನದ ಆರಂಭದಲ್ಲಿಯೇ ಆಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದ್ದಾರಲ್ಲವೇ? ಸ್ವತಂತ್ರನು ವಿಷ್ಣುವೊಬ್ಬನೇ. ನಮ್ಮ ಒಡೆತನವು ನಿಜವಾದರೂ ಅಧೀನವಾದ ಒಡೆತನ. ಈಶಾವಾಸ್ಯದ ಮೊದಲ ಮಂತ್ರಕ್ಕೆ ಆಚಾರ್ಯರು ಹೇಳಿದ ಅರ್ಥದಂತೆ ನಾವು ಉಣ್ಣಬೇಕಾದುದು ಅವನು ಕೊಟ್ಟುದನ್ನು ಮಾತ್ರ. ಕೊಟ್ಟವನೊಬ್ಬನೇ ಆದ್ದರಿಂದ, ನನ್ನ ಸರದಿಯನ್ನು ನನಗೆ ಕೊಟ್ಟ ಕೈಯೇ ತಮ್ಮನ ಸರದಿಯನ್ನು ತಮ್ಮನಿಗೆ ಕೊಟ್ಟಿದೆ. ಅದನ್ನು ಕಸಿಯುವುದು ತಮ್ಮನೊಡನೆ ಮಾತ್ರ ಮಾಡಿದ ಜಗಳವಾಗಿ ಉಳಿಯುವುದಿಲ್ಲ. ತಾರತಮ್ಯವನ್ನು ಮುಂದೊಡ್ಡಿ, ಹೆಚ್ಚು ಕಡಿಮೆ ಸಹಜವೆಂದು ವಾದಿಸುವ ಜಾಣರೂ ಇದ್ದಾರೆ. ಜೀವರ ತಾರತಮ್ಯವು ಸ್ವರೂಪದ ಯೋಗ್ಯತೆಗೆ ಸಂಬಂಧಿಸಿದುದು. ಅದನ್ನು ಪಂಪಿನ ಅಶ್ವಶಕ್ತಿಯಿಂದ ಅಳೆಯುವ ಪದ್ಧತಿ ನಮಗೆ ಯಾವ ಗ್ರಂಥದಲ್ಲಿಯೂ ಕಾಣಲಿಲ್ಲ.

ಅಶ್ವಶಕ್ತಿಯ ಮಾತು ಬಂದುದರಿಂದ ಅದನ್ನೇ ಸ್ವಲ್ಪ ವಿಸ್ತರಿಸುತ್ತೇವೆ. ಹಿಂದೆ ಏತದಿಂದ ನೀರೆತ್ತಿ, ಅಡಕೆಮರದ ದಂಬೆಗಳಲ್ಲಿ ಹರಿಸಿ, ಹಾಳೆಯಿಂದ ಗಿಡಗಳ ಬುಡಕ್ಕೆ ಚಿಮುಕಿಸುತ್ತಿದ್ದರು. ಆಗ ಮನುಷ್ಯನ ತೋಳಿನ ದಣಿವೇ ಲೋಭಕ್ಕೆ ಒಂದು ಮಿತಿಯಾಗಿತ್ತು. ಬೇಕೆಂದರೂ ಒಬ್ಬನು ಒಂದು ಬೆಳಗಿನಲ್ಲಿ ಕೆರೆಯನ್ನು ಬರಿದುಮಾಡಲಾಗುತ್ತಿರಲಿಲ್ಲ. ಅವನು ದಣಿದು ಕುಳಿತಾಗ ಒರತೆಯು ತನ್ನ ಕೆಲಸ ಮಾಡುತ್ತಿತ್ತು. ಈಗ ಕರ್ನಾಟಕದಲ್ಲಿ ೧೦ ಅಶ್ವಶಕ್ತಿಯವರೆಗಿನ ಕೃಷಿ ಪಂಪುಗಳಿಗೆ ವಿದ್ಯುತ್ತು ಉಚಿತ. ಗುಂಡಿ ಒತ್ತಿದವನಿಗೆ ದಣಿವೂ ಇಲ್ಲ, ಖರ್ಚೂ ಇಲ್ಲ. ಸರಕಾರದ ಈ ಉಪಕಾರವನ್ನು ನಾವು ಹಳಿಯುವುದಿಲ್ಲ. ಬಡ ರೈತರಿಗೆ ಅದು ಆಸರೆ. ಹೊರಗಿನ ಮಿತಿ ತೊಲಗಿದಾಗ ಒಳಗಿನ ಮಿತಿ ಬೇಕಾಗುತ್ತದೆ ಎಂಬಷ್ಟೇ ನಮ್ಮ ಮಾತು. ರಾತ್ರಿ ಎರಡು ಗಂಟೆಗೆ ವಿದ್ಯುತ್ತು ಬಂದಾಗ ತನ್ನ ದಿನವಲ್ಲದಿದ್ದರೂ ಎದ್ದು ಹೋಗಿ ಪಂಪು ಹಾಕುವವನನ್ನು ಯಾವ ನೆರೆಯವನು ಕಾದು ಹಿಡಿದಾನು?

ಇದಕ್ಕಿಂತ ಕಠಿನವಾದ ಪ್ರಶ್ನೆ ಕೊಳವೆಬಾವಿಯದು. ಒಂದು ಕುಟುಂಬದಲ್ಲಿ ನಾವು ಕಂಡ ಸಂಗತಿ ಹೀಗೆ: ಕೆರೆ ಜಂಟಿಯಾಗಿಯೇ ಉಳಿದಿತ್ತು. ಕೆರೆಯ ಮೇಲ್ಭಾಗದ ಜಮೀನು ಹಿರಿಯವನ ಪಾಲಿಗೆ ಬಂದಿತ್ತು. ಅವನು ಕೆರೆಗೆ ಕೈಯಿಡಲೇ ಇಲ್ಲ. ತನ್ನ ಗಡಿಯೊಳಗೆ, ಕೆರೆಯ ದಂಡೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೊಳವೆಬಾವಿ ತೋಡಿಸಿದನು. ಎರಡನೆಯ ಬೇಸಿಗೆಯಲ್ಲಿ ಚೈತ್ರಕ್ಕೇ ಕೆರೆಯ ತಳ ಕಂಡಿತು. ಕಿರಿಯರು ಕೇಳಿದಾಗ ‘ನಿಮ್ಮ ಕೆರೆಯ ಒಂದು ಹನಿಯನ್ನೂ ನಾನು ಮುಟ್ಟಿಲ್ಲ’ ಎಂದನು. ಅವನ ಮಾತು ಸುಳ್ಳಾಗಿರಲಿಲ್ಲ.

ಕಾನೂನು ಬಹಳಮಟ್ಟಿಗೆ ಅವನ ಪರವಾಗಿದೆ. ೧೮೮೨ರ ಭಾರತೀಯ ಈಸ್‌ಮೆಂಟ್ ಅಧಿನಿಯಮವು ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ಆಗಲೇ ಅನ್ವಯಿಸಿತು, ಇಂದಿಗೂ ಊರ್ಜಿತದಲ್ಲಿದೆ. ಗೊತ್ತಾದ ಕಾಲುವೆಯಲ್ಲಿ ಹರಿಯದೆ ನೆಲದಡಿಯಲ್ಲಿ ಒಸರುವ ನೀರನ್ನು ತನ್ನ ಎಲ್ಲೆಯೊಳಗೆ ಸಂಗ್ರಹಿಸಿ ಬಳಸುವ ಹಕ್ಕನ್ನು ಅದರ ಏಳನೆಯ ಕಲಮು ಭೂಮಾಲಿಕನ ಸಹಜ ಹಕ್ಕುಗಳಲ್ಲಿ ಉದಾಹರಿಸಿದೆ. ೧೯೯೯ರ ರಾಜ್ಯ ಕಾನೂನೊಂದು ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ ೫೦೦ ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆನ್ನುತ್ತದೆ; ೨೦೧೧ರ ಅಂತರ್ಜಲ ಅಧಿನಿಯಮವು ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯನ್ನು ಕಡ್ಡಾಯಮಾಡಿದೆ. ಮನೆತನದ ತೋಟದ ಕೆರೆಗೆ ಇವುಗಳಿಂದ ದೊರೆಯುವ ಆಸರೆ ಅಲ್ಪ. ಆದರೆ ಮನುವಿನ ದೃಷ್ಟಿ ಇಲ್ಲಿ ಬೇರೆ. ಮೊದಲೇ ನಿರ್ಮಿತವಾದ ಕೆರೆಯ ನೀರನ್ನು ಅಪಹರಿಸಿದವನಿಗೂ, ಆ ಕೆರೆಗೆ ನೀರು ಬರುವ ದಾರಿಯನ್ನು ಕಡಿದವನಿಗೂ ಅವನು ಒಂದೇ ದಂಡವನ್ನು, ಎಂದರೆ ಪ್ರಥಮ ಸಾಹಸವನ್ನು ವಿಧಿಸಿದ್ದಾನೆ. ಇರುವ ನೀರನ್ನು ಕದಿಯುವುದೂ ಬರಬೇಕಾದ ನೀರನ್ನು ತಡೆಯುವುದೂ ಅವನಿಗೆ ಸಮಾನ. ಎಲ್ಲಿ ನಿಂತು ಎಳೆದನೆಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಕಾನೂನು ದಂಡನೆಯ ಎಲ್ಲೆಯನ್ನು ಹೇಳುತ್ತದೆ. ಆ ಎಲ್ಲೆಯೊಳಗೆ ನಡೆದುದೆಲ್ಲ ಧರ್ಮವೆಂದು ಕಾನೂನೂ ಹೇಳಿಕೊಂಡಿಲ್ಲ.

ಕೊಳವೆಬಾವಿಯು ಆಳದ ಬಂಡೆಯ ಬಿರುಕುಗಳ ನೀರನ್ನು ಎಳೆಯುವುದು, ಮೇಲಿನ ಮುರಕಲ್ಲಿನ ಒರತೆಗೂ ಅದಕ್ಕೂ ಸಂಬಂಧವಿಲ್ಲ ಎಂಬ ವಾದವನ್ನು ಬಲ್ಲೆವು. ಕೆಲವೆಡೆ ಅದು ನಿಜವೂ ಆಗಿರಬಹುದು. ಒಂದು ತೋಟದ ಬಂಡೆಯಂತೆ ಇನ್ನೊಂದರದು ಇರುವುದಿಲ್ಲ. ಇದನ್ನು ವಾದದಿಂದ ತಿಳಿಯಬೇಕಾಗಿಲ್ಲ. ಕೆರೆಯ ಮೆಟ್ಟಿಲಿನಲ್ಲಿ ಒಂದು ಗುರುತು ಹಾಕಿ, ಕೆಲವು ದಿನ ಕೊಳವೆಬಾವಿಯನ್ನು ನಡೆಸಿಯೂ ಕೆಲವು ದಿನ ನಿಲ್ಲಿಸಿಯೂ, ಎಲ್ಲ ಪಾಲುಗಾರರ ಸಮಕ್ಷಮದಲ್ಲಿ ನೀರಿನ ಮಟ್ಟವನ್ನು ನೋಡಿದರಾಯಿತು. ನಮ್ಮ ಹತ್ತಿರ ಬಂದು, ದೇವರ ಮುಂದೆ ಆಣೆ ಪ್ರಮಾಣ ಮಾಡಿಸಿರೆಂದು ಕೇಳುವವರಿದ್ದಾರೆ. ಅಳತೆಕೋಲಿನಿಂದ ಸಾಧ್ಯವಾಗುವುದಕ್ಕೆ ದೇವರನ್ನು ಎಳೆಯುವುದು ನಮಗೆ ಸರ್ವಥಾ ಸಮ್ಮತವಲ್ಲ.

ವನಪರ್ವದ ಯಕ್ಷಪ್ರಶ್ನೆಯು ಒಂದು ಕೊಳದ ದಡದಲ್ಲಿ, ಸಹೋದರರ ನಡುವೆ ನಡೆದ ಕಥೆಯೆಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ಉಳಿದ ಪಾಂಡವರ, ಅದರಲ್ಲೂ ಭೀಮಸೇನದೇವರ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ಅದನ್ನು ತಾತ್ಪರ್ಯನಿರ್ಣಯದ ಮೂಲಕ ಗುರುಮುಖದಿಂದಲೇ ತಿಳಿಯಬೇಕು. ಧರ್ಮರಾಜನ ಮಾತಷ್ಟೇ ನಮಗೆ ಪ್ರಕೃತ. ಕೊಳವು ತನ್ನದೆಂದು ಯಕ್ಷನು ಹೇಳಿದಾಗ, ಬಾಯಾರಿ ಬಳಲಿದ್ದ ಆ ಸ್ಥಿತಿಯಲ್ಲಿಯೂ ಅವನು, ನಿನ್ನ ವಶದಲ್ಲಿ ಮೊದಲೇ ಇರುವುದನ್ನು ನಾನು ಬಯಸುವುದಿಲ್ಲವೆಂದನು. ಅನಂತರ ಒಬ್ಬ ತಮ್ಮನ ಜೀವವನ್ನು ಕೇಳಿಕೊಳ್ಳೆಂದಾಗ ನಕುಲನನ್ನು ಕೇಳಿದನು. ಕುಂತಿಗೆ ತಾನೊಬ್ಬನುಂಟು, ಮಾದ್ರಿಗೂ ಒಬ್ಬನುಳಿಯಲಿ ಎಂಬುದು ಅವನ ಕಾರಣ. ತನ್ನ ತಾಯಿಯ ಪಕ್ಷವನ್ನು ಬಿಟ್ಟು, ಅಲ್ಲಿ ಇಲ್ಲದ, ಕೇಳಲು ಬಾಯಿಯೂ ಇಲ್ಲದ ಚಿಕ್ಕಮ್ಮನ ಪಾಲನ್ನು ನೆನೆದನು. ದಾಯವಿಭಾಗದ ಬಗ್ಗೆ ಇದಕ್ಕಿಂತ ದೊಡ್ಡ ದೃಷ್ಟಾಂತವು ನಮಗೆ ತಿಳಿದಿಲ್ಲ.

ಇಷ್ಟು ಹೇಳಿದ ಮೇಲೆ, ಹಾಗಾದರೆ ಅನ್ಯಾಯವಾದವನು ಸಹಿಸಿಕೊಂಡಿರಬೇಕೇ, ನ್ಯಾಯಾಲಯಕ್ಕೆ ಹೋಗುವುದು ಅಧರ್ಮವೇ ಎಂದು ಕೇಳಬಹುದು. ಖಂಡಿತವಾಗಿ ಅಲ್ಲವೆಂದೇ ನಮ್ಮ ಅಭಿಪ್ರಾಯ. ‘ಮನೆಯ ಮರ್ಯಾದೆ ಹೋಗುತ್ತದೆ, ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂಬ ಉಪದೇಶವು ನಮ್ಮಲ್ಲಿ ಯಾವಾಗಲೂ ಒಂದೇ ಕಡೆಗೆ ಹರಿಯುತ್ತದೆ. ಗಂಡನನ್ನು ಕಳೆದುಕೊಂಡ ಅತ್ತಿಗೆಗೆ, ಘಟ್ಟದ ಮೇಲೆ ಮದುವೆಯಾಗಿ ಹೋದ ತಂಗಿಗೆ, ಮುಂಬಯಿಯಲ್ಲಿ ಹೋಟೆಲಿನ ಕೆಲಸದಲ್ಲಿರುವ ಕಿರಿಯನಿಗೆ. ಪಂಪು ಇಟ್ಟುಕೊಂಡವನಿಗೆ ಹೊಂದಿಕೊಳ್ಳೆಂದು ಹೇಳಿದ ಹಿರಿಯರನ್ನು ಕಂಡುದು ಅಪೂರ್ವ. ಕಿತ್ತುಕೊಂಡವನಿಗೆ ಅನುಕೂಲವಾಗುವ ಶಾಂತಿಗೆ ಶಾಂತಿಯೆಂಬ ಹೆಸರು ಸಲ್ಲದು. ದೇವಸ್ಥಾನದವರೂ ಪುರೋಹಿತರೂ ಇಂತಹ ಸಂಧಾನಕ್ಕೆ ಕುಳಿತಾಗ ಇದನ್ನು ಮರೆಯಬಾರದು. ಅಣ್ಣನ ಮನೆಯ ಊಟ ಬೆಳ್ಳಿಯ ತಟ್ಟೆಯಲ್ಲಿ ಬಂದರೂ ನ್ಯಾಯ ನ್ಯಾಯವೇ.

ಆದರೆ ದಾವೆಯ ಮಾರ್ಗ ದೀರ್ಘವೆಂಬುದನ್ನು ತಿಳಿದು ಹೋಗಬೇಕು. ವಿಭಾಗದ ದಾವೆಯಲ್ಲಿ ಮೊದಲು ಯಾರಿಗೆಷ್ಟು ಪಾಲೆಂಬ ಪ್ರಾಥಮಿಕ ಡಿಕ್ರಿ, ಬಳಿಕ ಸ್ಥಳಕ್ಕೆ ಕಮಿಷನರು ಬಂದು ಅಳೆದು ವರದಿ ಕೊಡುವುದು, ಅದಕ್ಕೆ ಆಕ್ಷೇಪಗಳು, ಅನಂತರ ಅಂತಿಮ ಡಿಕ್ರಿ, ನಡುವೆ ತಡೆಯಾಜ್ಞೆ, ಮೇಲೆ ಅಪೀಲು. ಹೂಳು ತುಂಬಿದ ಕೆರೆ ಅಷ್ಟು ಕಾಲ ಕಾಯುವುದಿಲ್ಲ. ೧೯೮೭ರ ಕಾನೂನಿನಂತೆ ನಡೆಯುವ ಲೋಕ ಅದಾಲತಿನಲ್ಲಿ ಇಬ್ಬರೂ ಒಪ್ಪಿ ರಾಜಿಯಾದರೆ ಅದು ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ. ಕಟ್ಟಿದ ಕೋರ್ಟು ಶುಲ್ಕವೂ ಹಿಂದಿರುಗುತ್ತದೆ. ನೀರಿನ ಸರದಿಯಂತಹ ವಿಷಯಕ್ಕೆ ಇದು ಹೆಚ್ಚು ಒಪ್ಪುವ ಮಾರ್ಗ.

ಪಾಲುಗಾರರೆಂದರೆ ಈಗ ದಾಯಾದಿಗಳಷ್ಟೇ ಅಲ್ಲ. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿ ಉಳುವವರ ಕೈಸೇರಿತು. ಒಂದೇ ಮನೆತನದ ಅಧೀನದಲ್ಲಿದ್ದ ಎಷ್ಟೋ ಕೆರೆಗಳ ನೀರನ್ನು ಇಂದು ನಾಲ್ಕಾರು ಕುಟುಂಬಗಳು ಬಳಸುತ್ತಿವೆ. ಹಿಂದಿನ ನೋವನ್ನು ನೆನೆದು ‘ನೆಲ ಹೋಯಿತು, ನೀರನ್ನಾದರೂ ಕೊಡುವುದಿಲ್ಲ’ ಎಂದು ಕೂರುವವರ ಮಾತು ನಮ್ಮ ಕಿವಿಗೂ ಬಿದ್ದಿದೆ. ಆ ಗದ್ದೆಗಳಿಗೆ ತಲೆಮಾರುಗಳಿಂದ ಅದೇ ಕೆರೆಯ ನೀರು ಹಾಯುತ್ತಿತ್ತು. ಆ ಕೆರೆಯ ಹೂಳನ್ನು ಹೊತ್ತವರು ಅವರ ಅಜ್ಜಂದಿರು. ಮೇಲೆ ಹೇಳಿದ ಮಣ್ಣಿನ ಮುದ್ದೆಯ ಲೆಕ್ಕವನ್ನು ಹಿಡಿದರೆ ನಮಗಿಂತ ಅವರ ಪಾಲೇ ಹೆಚ್ಚಾದೀತು.

ಇನ್ನು ಪಾಲುಪಟ್ಟಿ ಬರೆಸುವವರಿಗೆ ಒಂದೆರಡು ಮಾತು. ಕೆರೆಗೆ ಒಂದು ವಾಕ್ಯ ಸಾಲದು. ವಾರದ ಯಾವ ದಿನ ಯಾರ ಸರದಿ, ವಿದ್ಯುತ್ತು ಇಲ್ಲದೆ ತಪ್ಪಿದ ಸರದಿಯನ್ನು ಯಾವಾಗ ತುಂಬಿಕೊಳ್ಳಬೇಕು, ಪಂಪಿನ ಶಕ್ತಿ ಎಷ್ಟನ್ನು ಮೀರಬಾರದು, ನೀರು ಎಷ್ಟನೆಯ ಮೆಟ್ಟಿಲಿಗೆ ಇಳಿದಾಗ ತೋಟಕ್ಕೆ ಎತ್ತುವುದನ್ನು ನಿಲ್ಲಿಸಿ ಕುಡಿಯುವುದಕ್ಕೂ ದೇವರಪೂಜೆಗೂ ಮಾತ್ರ ಉಳಿಸಬೇಕು, ಕೆರೆಯ ಸುತ್ತ ಎಷ್ಟು ದೂರ ಯಾರೂ ಕೊಳವೆಬಾವಿ ತೋಡಬಾರದು ಎಂಬುದನ್ನೆಲ್ಲ ಬರೆಸಬ��ಕು. ಹೂಳೆತ್ತುವುದಕ್ಕೆ ವೈಶಾಖದ ಒಂದು ದಿನವನ್ನು ಗೊತ್ತುಮಾಡಿ, ಎಲ್ಲರೂ ಸ್ವತಃ ಬರಬೇಕೆಂದೂ, ಬರಲಾಗದವರು ಆಳಿನ ಸಂಬಳ ಕೊಡಬೇಕೆಂದೂ ಸೇರಿಸಬೇಕು.

ಹೆಣ್ಣುಮಕ್ಕಳ ಹೆಸರು ಅದರಲ್ಲಿ ತಪ್ಪದೆ ಇರಬೇಕು. ಕರ್ನಾಟಕದಲ್ಲಿ ೧೯೯೪ರ ತಿದ್ದುಪಡಿಯಿಂದಲೂ, ಇಡೀ ದೇಶದಲ್ಲಿ ೨೦೦೫ರಿಂದಲೂ ಮಗಳು ಮಗನಂತೆ ಪಾಲುದಾರಳು. ೨೦೦೫ರಲ್ಲಿ ತಂದೆ ಬದುಕಿರಲಿ ಇಲ್ಲದಿರಲಿ ಆ ಹಕ್ಕು ಅವಳಿಗೆ ಜನ್ಮತಃ ಬರುವುದೆಂದು ಸುಪ್ರೀಂ ಕೋರ್ಟು ೨೦೨೦ರಲ್ಲಿ ಸ್ಪಷ್ಟಪಡಿಸಿದೆ. ಅವಳು ಬೆಂಗಳೂರಿನಲ್ಲಿದ್ದಾಳೆ, ಅವಳಿಗೆ ಕೆರೆಯ ನೀರೇಕೆ ಎನ್ನುವವರು, ಅವಳ ಸರದಿಯ ದಿನ ಆ ನೀರು ಯಾರ ತೋಟಕ್ಕೆ ಹೋಗುವುದೆಂಬುದನ್ನೂ ಹೇಳಬೇಕು. ಅವಳು ತಾನಾಗಿ ಅಣ್ಣನಿಗೆ ಬಿಟ್ಟುಕೊಟ್ಟರೆ ಸಂತೋಷ. ಪತ್ರದಲ್ಲಿ ಅದನ್ನು ‘ವಹಿಸಿಕೊಟ್ಟಿದ್ದಾಳೆ’ ಎಂದೇ ಬರೆಸಬೇಕು, ‘ಬಿಟ್ಟಿದ್ದಾಳೆ’ ಎಂದಲ್ಲ. ನಾಳೆ ಅವಳೋ ಅವಳ ಮಕ್ಕಳೋ ಊರಿಗೆ ಹಿಂದಿರುಗಿ ಬಂದು ಆ ಮೆಟ್ಟಿಲಿಳಿಯುವ ಸಂದರ್ಭ ಬಂದರೆ, ಯಾರನ್ನೂ ಕೇಳದೆ ಕೊಡ ತುಂಬಿಕೊಳ್ಳುವಂತಿರಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥